ಬೀಗ ಬಿದ್ದ ಬಂಗಲೆಯ ಅಡ್ವಾನ್ಸ್ ಯಾರ ಪಾಲು?

ಓದುಗರ ಪ್ರಶ್ನೆ – ನಮ್ಮ ಉತ್ತರ, ಜೂನ್ 2021

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಬೇಸಿಗೆ ರಜೆಗೆ ಅಂತ ರೂಮು ಬುಕ್ ಮಾಡಿದ್ದರು, ಕೊರೊನಾದ ಎರಡನೇ ಅಲೆ ಬಂತು, ಹೋಗಲಾಗಲಿಲ್ಲ, ಈಗ ದುಡ್ಡು ವಾಪಸ್ ಬರ್ತಿಲ್ಲ. ಬರೆದವರಲ್ಲಿ ಕೆಲವರಿಗೆ ಅದು ವರ್ಷವಿಡೀ ಕೂಡಿಟ್ಟ ದುಡ್ಡು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿ ಇವನ್ನೇ ತೆಗೆದುಕೊಂಡಿದ್ದೇನೆ. ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ. ನಿಮ್ಮ ಪ್ರವಾಸ ನಿಂತಿದ್ದು ಯಾರಿಂದ? ಸರ್ಕಾರ ತಡೆಯಿತಾ, ಮಾಲೀಕರು ಬಾಗಿಲು ಹಾಕಿದರಾ, ಅಥವಾ ನೀವೇ ಬೇಡ ಅಂದಿರಾ? ಮೂರಕ್ಕೂ ಉತ್ತರ ಬೇರೆ ಬೇರೆ.

ಪ್ರಶ್ನೆ: ಎರಡು ಮನೆಯವರು ಸೇರಿ ಲೋಣಾವಳಾದಲ್ಲಿ ಒಂದು ಬಂಗಲೆ ಬುಕ್ ಮಾಡಿದ್ವಿ. ಮಾರ್ಚ್ ಮೊದಲ ವಾರದಲ್ಲೇ 20 ಸಾವಿರ ಅಡ್ವಾನ್ಸ್ ಕಳಿಸಿದ್ದೆ. ಹೋಗಬೇಕಿದ್ದುದು ಏಪ್ರಿಲ್ 24ಕ್ಕೆ. ಅಷ್ಟರಲ್ಲಿ ಜಿಲ್ಲೆ ದಾಟುವ ಹಾಗಿಲ್ಲ ಎಂದು ಆರ್ಡರ್ ಬಂತು. ಮಾಲೀಕರು ‘ಬಂಗಲೆ ರೆಡಿ ಇತ್ತು, ನೀವೇ ಬರಲಿಲ್ಲ, ಅಡ್ವಾನ್ಸ್ ವಾಪಸ್ ಇಲ್ಲ ಅಂತ ಮೊದಲೇ ಹೇಳಿದ್ದೆ’ ಎನ್ನುತ್ತಾರೆ. ಬಿಟ್ಟುಬಿಡುವುದೇ?
– ಓದುಗರು, ಮುಲುಂಡ್

ಉತ್ತರ: ಬಿಡಬೇಡಿ. ನಿಮ್ಮ ಕೈಯಲ್ಲಿ ಒಳ್ಳೆಯ ಆಧಾರ ಇದೆ. ಏಪ್ರಿಲ್ 22ರ ರಾತ್ರಿ 8ರಿಂದ ಮಹಾರಾಷ್ಟ್ರದಲ್ಲಿ ಖಾಸಗಿ ಗಾಡಿಯಲ್ಲಿ ಜಿಲ್ಲೆ ದಾಟಲು ಅವಕಾಶ ಇದ್ದದ್ದು ಅಗತ್ಯ ಸೇವೆ, ಆಸ್ಪತ್ರೆ, ಅಂತ್ಯಕ್ರಿಯೆಯಂಥ ಕಾರಣಕ್ಕೆ ಮಾತ್ರ. ಮುಲುಂಡ್ ಮುಂಬೈನಲ್ಲಿದೆ, ಲೋಣಾವಳಾ ಪುಣೆ ಜಿಲ್ಲೆಯಲ್ಲಿದೆ. ನೀವು ಬರಲಿಲ್ಲ ಎಂಬುದಲ್ಲ, ಬರುವುದೇ ಕಾನೂನಿಗೆ ವಿರುದ್ಧವಾಗಿತ್ತು.

1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ ಇಂಥದಕ್ಕೇ ಇರುವುದು. ಒಪ್ಪಂದ ಆದ ಮೇಲೆ ಅದರಂತೆ ನಡೆಯುವುದು ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಆ ಒಪ್ಪಂದ ಅಲ್ಲಿಗೆ ಮುಗಿಯಿತು. ಹಾಗೆ ಮುಗಿದ ಒಪ್ಪಂದದಲ್ಲಿ ಒಬ್ಬರು ಏನಾದರೂ ಪಡೆದಿದ್ದರೆ ಅದನ್ನು ಹಿಂದಿರುಗಿಸಬೇಕು ಎಂದು 65ನೇ ಕಲಂ ಹೇಳುತ್ತದೆ. ಆದರೆ ಮೊದಲು ಮಾಲೀಕರು ಕಳಿಸಿದ ನಿಯಮಗಳನ್ನು ಪೂರ್ತಿ ಓದಿ. ಲಾಕ್‌ಡೌನ್ ಆದರೆ ಏನು ಎಂಬ ಸಾಲು ಅದರಲ್ಲೇ ಇದ್ದರೆ ಆ ಸಾಲಿಗೇ ಮೊದಲ ಬೆಲೆ. ಬರೀ ‘ವಾಪಸ್ ಇಲ್ಲ’ ಅಂತಷ್ಟೇ ಇದ್ದರೆ, ಅದು ಗಿರಾಕಿ ತಾನಾಗಿ ಮನಸ್ಸು ಬದಲಿಸಿದಾಗ ಅನ್ವಯಿಸುವ ಮಾತು, ಸರ್ಕಾರವೇ ದಾರಿ ಮುಚ್ಚಿದಾಗ ಅಲ್ಲ ಎಂದು ನೀವು ಗಟ್ಟಿಯಾಗಿ ವಾದಿಸಬಹುದು.

ಬುಕ್ ಮಾಡಿದ ತಾರೀಖೂ ಮುಖ್ಯ. ಏಪ್ರಿಲ್ 5ರಿಂದ ಜಾರಿಯಾದ ಆದೇಶದಲ್ಲೇ ಮಹಾರಾಷ್ಟ್ರಕ್ಕೆ ವಾರಾಂತ್ಯದ ಲಾಕ್‌ಡೌನ್ ಇತ್ತು. ಅದಾದ ಮೇಲೆ ಶನಿವಾರಕ್ಕೆ ಬುಕ್ ಮಾಡಿದ್ದರೆ ‘ಗೊತ್ತಿದ್ದೂ ಮಾಡಿದಿರಿ’ ಎನ್ನಲು ಅವರಿಗೆ ಜಾಗ ಸಿಗುತ್ತಿತ್ತು. ನೀವು ಮಾರ್ಚ್‌ನಲ್ಲೇ ದುಡ್ಡು ಕಳಿಸಿದ್ದೀರಿ, ಆ ಸ್ಕ್ರೀನ್‌ಶಾಟ್ ಜೋಪಾನವಾಗಿಡಿ.

ಈಗ ಫೋನಿನಲ್ಲಿ ಜಗಳ ಸಾಕು. ಬರವಣಿಗೆಯಲ್ಲಿ ಕೇಳಿ. ಹೀಗೆ ಬರೆದರೆ ಸಾಕು: ‘ಏಪ್ರಿಲ್ 24ರ ಬುಕಿಂಗ್‌ಗೆ ಇಂಥ ದಿನ ಇಷ್ಟು ಹಣ ಕೊಟ್ಟಿದ್ದೇನೆ. ಸರ್ಕಾರದ ಆದೇಶದಿಂದ ಬರಲಾಗಲಿಲ್ಲ. ಆದೇಶದ ಪ್ರತಿ ಜೊತೆಗಿದೆ. 15 ದಿನದೊಳಗೆ ಹಣ ಹಿಂದಿರುಗಿಸಿ.’ ವಾಟ್ಸಾಪ್‌ನಲ್ಲೂ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಅವರು ಬೇರೆ ತಾರೀಖು ಕೊಡುತ್ತೇನೆ ಅಂದರೆ ಅದೂ ತಪ್ಪಲ್ಲ, ಆದರೆ ಎಲ್ಲಿಯವರೆಗೆ ನಡೆಯುತ್ತದೆ, ಆಗ ರೇಟ್ ಜಾಸ್ತಿ ಇದ್ದರೆ ವ್ಯತ್ಯಾಸ ಯಾರು ಕೊಡಬೇಕು, ಆ ದಿನವೂ ಲಾಕ್‌ಡೌನ್ ಬಂದರೆ ಏನು, ಈ ಮೂರನ್ನೂ ಬರೆಸಿಕೊಳ್ಳದೆ ಒಪ್ಪಬೇಡಿ.

ಏನೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ: ನೀವು ವಾಸ ಇರುವ ಕಡೆಯೇ ದೂರು ಕೊಡಬಹುದು, ಪುಣೆಗೆ ಅಲೆಯಬೇಕಿಲ್ಲ. ಈ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯ ಅಲ್ಲ.

ಪ್ರಶ್ನೆ: ಗೋವಾದ ಕಾಂದೋಳಿಯಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿ, ಜೊತೆಗೆ ಟ್ರಾವೆಲ್ ಇನ್ಶೂರೆನ್ಸ್ ಕೂಡ ತಗೊಂಡಿದ್ದೆ. ಹೊರಡುವ ಮುಂಚೆ ಅಪ್ಪನಿಗೆ ಪಾಸಿಟಿವ್ ಬಂತು. ಮನೆಯಲ್ಲೇ ಐಸೋಲೇಶನ್. ಕ್ಲೇಮ್ ಹಾಕಿದೆ, ‘ಪಾಲಿಸಿಯಲ್ಲಿ ಬರುವುದಿಲ್ಲ’ ಎಂದು ಒಂದೇ ಸಾಲಿನ ಇ-ಮೇಲ್ ಬಂತು. ಮತ್ತೆ ಇನ್ಶೂರೆನ್ಸ್ ಯಾಕೆ ಬೇಕಿತ್ತು?
– ಓದುಗರು, ನಿಗಡಿ, ಪುಣೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಪ್ಪ ಈಗ ಹುಷಾರಾಗಿದ್ದಾರೆ ಎಂದುಕೊಳ್ಳುತ್ತೇನೆ.

ಟ್ರಾವೆಲ್ ಇನ್ಶೂರೆನ್ಸ್ ಅಂದರೆ ‘ಪ್ರವಾಸ ಕೆಟ್ಟರೆ ದುಡ್ಡು’ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಹಾಗಿಲ್ಲ. ಪಾಲಿಸಿಯಲ್ಲಿ ಕಾರಣಗಳ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಕಾರಣಕ್ಕೆ ರದ್ದಾದರೆ ಮಾತ್ರ ದುಡ್ಡು. ಸಾಮಾನ್ಯವಾಗಿ ಅದರಲ್ಲಿರುವುದು ಪ್ರಯಾಣಿಕರ ಅಥವಾ ಹತ್ತಿರದ ಸಂಬಂಧಿಕರ ಸಾವು, ಆಸ್ಪತ್ರೆ ಸೇರುವಂಥ ಕಾಯಿಲೆ, ಅಪಘಾತ. ಭಯ ಆಗಿ ಕ್ಯಾನ್ಸಲ್ ಮಾಡಿದ್ದು ಅದರಲ್ಲಿ ಬರುವುದಿಲ್ಲ. ಸರ್ಕಾರದ ಲಾಕ್‌ಡೌನ್ ಕೂಡ ಎಷ್ಟೋ ಪಾಲಿಸಿಗಳಲ್ಲಿ ಇಲ್ಲ. ಕೆಲವು ಪಾಲಿಸಿಗಳಂತೂ ಸಾಂಕ್ರಾಮಿಕ ರೋಗವನ್ನೇ ಪೂರ್ತಿ ಹೊರಗಿಟ್ಟಿವೆ. ಇದನ್ನೆಲ್ಲ ಬುಕ್ ಮಾಡುವಾಗ ಒಂದು ಟಿಕ್ ಹಾಕಿಸಿಕೊಂಡು ಮುಗಿಸುತ್ತಾರೆ, ಷರತ್ತು ತೋರಿಸುವುದೇ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ವಿಷಯದಲ್ಲಿ ಪಾಲಿಸಿಯ ಪೂರ್ತಿ ಪಿಡಿಎಫ್ ತೆರೆದು ಎರಡು ಜಾಗ ನೋಡಿ. ಒಂದು, ಕಾಯಿಲೆಯ ಕಲಂನಲ್ಲಿ ‘ಆಸ್ಪತ್ರೆಗೆ ದಾಖಲು’ ಅಂತಿದೆಯೋ, ಅಥವಾ ‘ಪ್ರಯಾಣ ಬೇಡ ಎಂದು ವೈದ್ಯರು ಹೇಳಿದ್ದರೆ’ ಅಂತಲೂ ಇದೆಯೋ. ಎರಡನೆಯದು ಇದ್ದರೆ ಆರ್‌ಟಿ-ಪಿಸಿಆರ್ ರಿಪೋರ್ಟ್ ಮತ್ತು ಡಾಕ್ಟರ ಚೀಟಿ ಇಟ್ಟುಕೊಂಡು ನೀವು ಮತ್ತೆ ಕೇಳಬಹುದು. ಇನ್ನೊಂದು, ಹೊರಗಿಟ್ಟ ಕಾರಣಗಳ ಪಟ್ಟಿ. ಅಲ್ಲಿ ಕೋವಿಡ್ ಅಥವಾ ಸಾಂಕ್ರಾಮಿಕ ಎಂಬ ಪದವೇ ಇಲ್ಲದಿದ್ದರೆ, ಯಾವ ಕಲಂ ಪ್ರಕಾರ ನಿರಾಕರಿಸಿದಿರಿ ಎಂದು ಬರೆದು ಕೇಳಿ. ಒಂದು ಸಾಲಿನ ಇ-ಮೇಲ್ ಉತ್ತರವೇ ಅಲ್ಲ.

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ತಕರಾರು ಬಗೆಹರಿಸುವ ಅಧಿಕಾರಿ) ಬಳಿ ಹೋಗಿ. ಪುಣೆಯಲ್ಲೇ ಕಚೇರಿ ಇದೆ. 2021ರಲ್ಲಿ 30 ಲಕ್ಷದವರೆಗಿನ ತಕರಾರು ನೋಡುತ್ತಿದ್ದರು, ಒಂದು ಪೈಸೆ ಖರ್ಚಿಲ್ಲ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಅದು ಮರೆಯಬೇಡಿ.

ಇನ್ನೊಂದು ದಾರಿಯೂ ಇದೆ. ಫ್ಲ್ಯಾಟ್ ಬುಕ್ ಮಾಡಿದ್ದು ಏರ್‌ಬಿಎನ್‌ಬಿ ಎಂಬ ಬುಕಿಂಗ್ ಸೈಟ್ ಮೂಲಕ ಆಗಿದ್ದರೆ ಅವರ ನಿಯಮ ನೋಡಿ. 2020ರ ಮಾರ್ಚ್ 14ರ ನಂತರ ಮಾಡಿದ ಬುಕಿಂಗ್‌ಗಳಿಗೆ 2021ರಲ್ಲಿ ಲಾಕ್‌ಡೌನ್ ಕಾರಣ ನಡೆಯುತ್ತಿರಲಿಲ್ಲ, ಆದರೆ ಅತಿಥಿಗೇ ಕೋವಿಡ್ ಬಂದಿದ್ದರೆ ನಡೆಯುತ್ತಿತ್ತು. ಅಪ್ಪನೂ ಹೊರಟಿದ್ದವರಲ್ಲಿ ಒಬ್ಬರು ಅಲ್ವಾ? ರಿಪೋರ್ಟ್ ಸಮೇತ ಕೇಳಿ ನೋಡಿ.

ಪ್ರಶ್ನೆ: ಕಳೆದ ವರ್ಷ ಏಪ್ರಿಲ್‌ನ ವಿಮಾನದ ಟಿಕೆಟ್ ದುಡ್ಡು ಇನ್ನೂ ‘ಕ್ರೆಡಿಟ್ ಶೆಲ್’ನಲ್ಲೇ (ಮುಂದಿನ ಟಿಕೆಟ್‌ಗೆ ಅಂತ ಕಂಪನಿ ಬಳಿಯೇ ಉಳಿದ ಜಮೆ) ಇದೆ. ಬರುತ್ತಾ?
– ಓದುಗರು, ವಾಸ್ಕೊ

ಉತ್ತರ: ಬರಬೇಕು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಕ್ರೆಡಿಟ್ ಶೆಲ್ ಬಳಸಲು ಗಡುವು 2021ರ ಮಾರ್ಚ್ 31. ಅಷ್ಟರಲ್ಲಿ ಬಳಸದೆ ಉಳಿದ ದುಡ್ಡನ್ನು ವಿಮಾನ ಕಂಪನಿ ವಾಪಸ್ ಕೊಡಬೇಕು. ಆ ದಿನ ಕಳೆದಾಗಿದೆ. ತೀರ್ಪನ್ನು ಹೆಸರಿಸಿ ಇವತ್ತೇ ಬರೆಯಿರಿ. ಏಜೆಂಟರ ಮೂಲಕ ತಗೊಂಡಿದ್ದರೆ ಅವರಿಗೂ ಒಂದು ಪ್ರತಿ.

ಪ್ರಶ್ನೆ: ನಾನು ಕುಮಟಾ ಕಡೆಯವನು. ಪಾಳೋಳೆಯಲ್ಲಿ ಒಂದು ಮನೆ ಲೀಸಿಗೆ ಹಿಡಿದು ನಾಲ್ಕು ರೂಮು ಬಾಡಿಗೆಗೆ ಕೊಡುತ್ತೇನೆ. ಮೇ ತಿಂಗಳ ಗಿರಾಕಿಗಳೆಲ್ಲ ಅಡ್ವಾನ್ಸ್ ವಾಪಸ್ ಕೇಳುತ್ತಿದ್ದಾರೆ. ಆ ದುಡ್ಡು ಆಗಲೇ ಮನೆ ಮಾಲೀಕರಿಗೆ ಹೋಗಿದೆ. ಏನು ಮಾಡಲಿ?
– ಓದುಗರು, ಕಾಣಕೋಣ, ಗೋವಾ

ಉತ್ತರ: ಈ ಪತ್ರ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಅಡ್ವಾನ್ಸ್ ಕೇಳುವವರಿಗೆ ನಿಮ್ಮ ಕಷ್ಟ ಕಾಣುವುದಿಲ್ಲ. ಮುಂದೆ ಮಳೆಗಾಲ, ನಿಮಗೆ ಅಕ್ಟೋಬರ್‌ವರೆಗೆ ಸೀಸನ್ನೇ ಇಲ್ಲ.

ಆದರೂ ನೇರವಾಗಿ ಹೇಳಬೇಕು. ಲೀಸಿನ ದುಡ್ಡು ನೀವು ಮತ್ತು ನಿಮ್ಮ ಮನೆ ಮಾಲೀಕರ ನಡುವಿನ ವ್ಯವಹಾರ, ಗಿರಾಕಿಯದ್ದಲ್ಲ. ಆದ್ದರಿಂದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ. ಕರ್ಫ್ಯೂ ಬಂತೆಂದು ನೀವೇ ರೂಮು ಮುಚ್ಚಿದ್ದರೆ ಪೂರ್ತಿ ವಾಪಸ್ ಕೊಡಬೇಕು, ಅದರಲ್ಲಿ ಮಾತಿಲ್ಲ. ಮಹಾರಾಷ್ಟ್ರದಿಂದ ಜಿಲ್ಲೆ ದಾಟಲಾಗದೆ ಉಳಿದವರಿಗೂ ವಾಪಸ್ ಕೇಳುವ ಹಕ್ಕಿದೆ. ಆದರೆ ಮೇ 10ರಿಂದ ಹೈಕೋರ್ಟ್ ಆದೇಶದಂತೆ ಗೋವಾಕ್ಕೆ 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಬೇಕಾಯಿತಲ್ಲ, ಪ್ರಯಾಣಕ್ಕೆ ಬೇರೆ ತಡೆ ಇಲ್ಲದೆಯೂ ಆ ಟೆಸ್ಟ್‌ನ ರಗಳೆ ಬೇಡ ಅಂತ ಬಾರದವರಿದ್ದರೆ ಅವರ ಮಾತು ಬೇರೆ. ಟೆಸ್ಟ್ ಮಾಡಿಸಿಕೊಂಡು ಬರಬಹುದಿತ್ತು. ಅಂಥವರಿಗೆ ಬುಕಿಂಗ್ ನಿಯಮದಂತೆ ನಡೆಯಿರಿ, ಅಥವಾ ಚಳಿಗಾಲದ ತಾರೀಖು ಕೊಡಿ.

ಒಂದೇ ಸಲ ಕೊಡಲಾಗದಿದ್ದರೆ ಹಾಗೇ ಹೇಳಿ. ‘ಈ ತಿಂಗಳು ಅರ್ಧ, ಸೀಸನ್ ಶುರುವಾದ ಮೇಲೆ ಇನ್ನರ್ಧ’ ಎಂದು ತಾರೀಖು ಹಾಕಿ ಬರೆದು ಕಳಿಸಿ. ಜನ ಸಿಟ್ಟಾಗುವುದು ಫೋನ್ ಎತ್ತದೆ ಇದ್ದಾಗ. ನಿಮ್ಮ ಮನೆ ಮಾಲೀಕರ ಹತ್ತಿರವೂ ಕೂತು ಮಾತಾಡಿ, ಮುಚ್ಚಿದ ತಿಂಗಳ ಬಾಡಿಗೆ ಇಳಿಸಲು ಕೇಳಿ. ಮುಂದಿನ ಲೀಸಿನಲ್ಲಿ ಲಾಕ್‌ಡೌನ್ ತಿಂಗಳಿಗೆ ಏನು ಎಂಬ ಸಾಲು ಸೇರಿಸಿಕೊಳ್ಳಿ.

ಪ್ರಶ್ನೆ: ಡಿಸೆಂಬರ್‌ಗೆ ಗೋವಾ ರೂಮು ಈಗ ಅಗ್ಗ ಸಿಗ್ತಿದೆ. ‘ಕೊರೊನಾ ಕವಚ್’ ಪಾಲಿಸಿ ನಮ್ಮಲ್ಲಿದೆ. ಧೈರ್ಯವಾಗಿ ಬುಕ್ ಮಾಡಬಹುದಾ?
– ಓದುಗರು, ಡೊಂಬಿವಲಿ

ಉತ್ತರ: 2021ರಲ್ಲಿ ಕೊರೊನಾ ಕವಚ್ ಇದ್ದದ್ದು ಕೋವಿಡ್ ಬಂದರೆ ಆಸ್ಪತ್ರೆ ಮತ್ತು ಮನೆಯಲ್ಲಿನ ಚಿಕಿತ್ಸೆಯ ಖರ್ಚಿಗೆ. ರೂಮಿನ ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಅದರ ಅವಧಿ ಹೆಚ್ಚೆಂದರೆ ಒಂಬತ್ತೂವರೆ ತಿಂಗಳು, ಡಿಸೆಂಬರ್‌ಗೆ ಚಾಲ್ತಿಯಲ್ಲಿರುತ್ತದಾ ನೋಡಿಕೊಳ್ಳಿ. ರೈಲು ಟಿಕೆಟ್ ಜೊತೆ ಪೈಸೆ ಲೆಕ್ಕದಲ್ಲಿ ಸಿಗುವ ವಿಮೆಯೂ ಹಾಗೇ, ಅದು ರೈಲು ಅಪಘಾತಕ್ಕೆ, ಕ್ಯಾನ್ಸಲ್ ಆದರೆ ಅಲ್ಲ. ಈಗ ಹೊಸದಾಗಿ ಟ್ರಾವೆಲ್ ಪಾಲಿಸಿ ತಗೊಂಡರೂ, ಕೋವಿಡ್ ಎಲ್ಲರಿಗೂ ಗೊತ್ತಿರುವ ಸಂಗತಿ, ಅದನ್ನು ಹೊರಗಿಟ್ಟಿರುವ ಸಾಧ್ಯತೆ ಜಾಸ್ತಿ.

ಅಗ್ಗದ ರೇಟಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ನಾನ್-ರಿಫಂಡಬಲ್’ ಅಂತ ಇರುತ್ತದೆ, ಅದನ್ನು ಬಿಡಿ. ಸ್ವಲ್ಪ ಜಾಸ್ತಿ ಕೊಟ್ಟರೂ ಕೊನೆಯ ಒಂದೆರಡು ದಿನದವರೆಗೆ ಉಚಿತವಾಗಿ ಕ್ಯಾನ್ಸಲ್ ಮಾಡಬಹುದಾದ ರೂಮು ತಗೊಳ್ಳಿ, ಅಥವಾ ಅಲ್ಲಿಗೆ ಹೋದ ಮೇಲೆ ದುಡ್ಡು ಕೊಡುವ ಕಡೆ ನೋಡಿ. ಮನೆ ಮಾಲೀಕರ ಜೊತೆ ನೇರವಾಗಿ ಮಾಡುವುದಾದರೆ ‘ಸರ್ಕಾರ ಪ್ರಯಾಣ ನಿಲ್ಲಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್’ ಎಂಬ ಒಂದು ಸಾಲು ಅವರಿಂದಲೇ ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಆಮೇಲೆ ದುಡ್ಡು ಕಳಿಸಿ.