ಕ್ರೋನೋ ಟ್ರಿಗರ್ ಆಟವನ್ನು ಜನ ಇನ್ನೂ ಯಾಕೆ ಇಷ್ಟೊಂದು ಹೊಗಳುತ್ತಾರೆ?

1995ರ ಆಟ, ಗ್ರಾಫಿಕ್ಸ್ ಹಳೆಯದು, ಆದರೂ ಹೆಸರು ಕೇಳಿದರೆ ಸಾಕು, ಜನ ಕರಗಿಹೋಗುತ್ತಾರೆ. ಇದು ಬರೀ ಬಾಲ್ಯದ ನೆನಪಿನ ಮೋಹವೋ, ಈಗ ಹೊಸದಾಗಿ ಆಡುವವರಿಗೂ ಅದರಲ್ಲಿ ಏನಾದರೂ ಇದೆಯೋ ಅಂತ ಕೇಳಿದ್ದೀರಿ. ನಾನು ಅದನ್ನು ಆಡಿದ್ದೇ ದೊಡ್ಡವನಾದ ಮೇಲೆ. ಹಾಗಾಗಿ ಬಾಲ್ಯದ ಮೋಹ ನನಗಿಲ್ಲ. ಆದರೂ ಆಡಿ ಅಂತಲೇ ಹೇಳುತ್ತೇನೆ. (ಕಥೆಯ ದೊಡ್ಡ ತಿರುವುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಸಣ್ಣಪುಟ್ಟ ಗುಟ್ಟುಗಳು ಮಾತ್ರ ಹೊರಬೀಳುತ್ತವೆ.)

ಜಪಾನಿನ ಸ್ಕ್ವೇರ್ ಕಂಪನಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಗೇಮ್ ಯಂತ್ರಕ್ಕಾಗಿ ಮಾಡಿದ ರೋಲ್-ಪ್ಲೇಯಿಂಗ್ ಆಟ ಇದು, ಅಂದರೆ ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಮುಂದೆ ಸಾಗುವ ಆಟ. ಸ್ಕ್ವೇರ್‌ನ ಫೈನಲ್ ಫ್ಯಾಂಟಸಿ ಆಟಗಳನ್ನು ಹುಟ್ಟುಹಾಕಿದ ಸಕಾಗುಚಿ, ಎನಿಕ್ಸ್ ಕಂಪನಿಯ ಡ್ರ್ಯಾಗನ್ ಕ್ವೆಸ್ಟ್ ಆಟಗಳ ಹೊರಿಯಿ, ಡ್ರ್ಯಾಗನ್ ಬಾಲ್ ಕಾಮಿಕ್ಸ್ ಬರೆದ ತೊರಿಯಾಮಾ ಮೂವರೂ ಇದಕ್ಕೆ ಕೈಜೋಡಿಸಿದ್ದರು. ಆಗ ಸ್ಕ್ವೇರ್ ಮತ್ತು ಎನಿಕ್ಸ್ ಬೇರೆ ಬೇರೆ ಕಂಪನಿಗಳು, ಒಂದಾಗಿದ್ದು 2003ರಲ್ಲಿ. ಹಾಗಾಗಿ ಈ ಮೂವರು ಒಟ್ಟಿಗೆ ಬಂದಿದ್ದೇ ದೊಡ್ಡ ಸುದ್ದಿ. ಆದರೆ ಬರೀ ದೊಡ್ಡ ಹೆಸರುಗಳಿಂದ ಆಟವೊಂದು ಇಷ್ಟು ವರ್ಷ ಉಳಿಯುವುದಿಲ್ಲ, ಅಲ್ವಾ?

ಕಥೆ ಸರಳ. 1999ರಲ್ಲಿ ಲಾವೋಸ್ ಅನ್ನುವ ದೈತ್ಯ ಜೀವಿ ನೆಲದೊಳಗಿಂದ ಎದ್ದು ಲೋಕವನ್ನೇ ಸುಡುತ್ತದೆ. ಅದನ್ನು ತಡೆಯಲು ನಾಯಕ ಕ್ರೋನೋ ಮತ್ತವನ ಗೆಳೆಯರು ಡೈನೋಸಾರ್‌ಗಳ ಕಾಲದಿಂದ 2300ನೇ ಇಸವಿಯವರೆಗೆ ಓಡಾಡುತ್ತಾರೆ. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆಗಳು ಬೇಕಾದಷ್ಟಿವೆ. ನನ್ನ ಪ್ರಕಾರ ಈ ಆಟ ಉಳಿದಿರುವುದು ಬೇರೆ ಕಾರಣಕ್ಕೆ. ನೀವು ಮಾಡಿದ ಸಣ್ಣ ಕೆಲಸವನ್ನೂ ಅದು ನೆನಪಿಟ್ಟುಕೊಂಡು, ನೀವು ಮರೆತ ಮೇಲೆ ಎದುರಿಗೆ ತಂದಿಡುತ್ತದೆ.

ಶುರುವಿನಲ್ಲೇ ಒಂದು ಜಾತ್ರೆ ಬರುತ್ತದೆ. ಅಲ್ಲಿ ಒಬ್ಬ ಹುಡುಗಿ ಡಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಪೆಂಡೆಂಟ್ ದೂರ ಹಾರುತ್ತದೆ. ಪಕ್ಕದಲ್ಲಿ ಯಾರದ್ದೋ ಊಟದ ಗಂಟು ಮೇಜಿನ ಮೇಲಿರುತ್ತದೆ. ಒಬ್ಬ ಪುಟ್ಟ ಹುಡುಗಿಯ ಬೆಕ್ಕು ಕಳೆದಿರುತ್ತದೆ. ಇಂಥ ಆಟಗಳಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದು ಮಾಮೂಲು, ಯಾರೂ ಕೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಿಮ್ಮನ್ನು ಕೋರ್ಟಿನ ಕಟಕಟೆಗೆ ಹತ್ತಿಸುತ್ತಾರೆ. ಹುಡುಗಿಯನ್ನು ಎಬ್ಬಿಸುವ ಮುಂಚೆ ಪೆಂಡೆಂಟ್ ಕಡೆಗೆ ಓಡಿದಿರಾ? ಆ ಮುದುಕನ ಊಟ ತಿಂದಿರಾ? ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಬೆಕ್ಕು ಹುಡುಕಿಕೊಟ್ಟಿದ್ದರೆ ಆ ಮಗುವೂ ಬಂದು ನಿಮ್ಮ ಪರವಾಗಿ ಮಾತಾಡುತ್ತದೆ.

ನಿಜ ಹೇಳಬೇಕೆಂದರೆ ತೀರ್ಪು ಏನೇ ಬರಲಿ, ಜೈಲು ತಪ್ಪುವುದಿಲ್ಲ. ಕಥೆ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ಸಾಗುತ್ತದೆ. ಆದರೆ ಅಲ್ಲಿಂದ ಮುಂದೆ ಯಾರ ಮನೆಗೆ ಹೋದರೂ ಮೇಜಿನ ಮೇಲಿರುವುದನ್ನು ಮುಟ್ಟಲು ಕೈ ಹಿಂಜರಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಪರಿಣಾಮ ತರುವ ದೃಶ್ಯ ನನಗೆ ಈಗಿನ ಆಟಗಳಲ್ಲೂ ಸಿಕ್ಕಿದ್ದು ಕಡಿಮೆ.

ಮುಂದೆ ಇದೇ ಉಪಾಯ ದೊಡ್ಡದಾಗುತ್ತದೆ. 1000ನೇ ಇಸವಿಯಲ್ಲಿ ಒಬ್ಬ ಮಹಾ ಜಿಪುಣ ಮೇಯರ್ ಇದ್ದಾನೆ. 600ನೇ ಇಸವಿಗೆ ಹೋಗಿ ಅವನ ಪೂರ್ವಜರ ಮನೆಯ ಹೆಂಗಸಿಗೆ ಒಣಮಾಂಸವನ್ನು ಕಾಸು ಕೇಳದೆ ಕೊಟ್ಟು ಬಂದರೆ, ಮೇಯರ್ ಉದಾರಿಯಾಗಿಬಿಟ್ಟಿರುತ್ತಾನೆ!

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ರೋಬೋನ ಕಾಡು. 600ನೇ ಇಸವಿಯಲ್ಲಿ ಫಿಯೋನಾ ಅನ್ನುವವಳೊಬ್ಬಳು ಮರಳುಗಾಡಿನಲ್ಲಿ ಕಾಡು ಬೆಳೆಸಲು ಹೆಣಗುತ್ತಿರುತ್ತಾಳೆ. ಒಂದು ಜನ್ಮಕ್ಕೆ ಮುಗಿಯುವ ಕೆಲಸವಲ್ಲ ಅದು. ನಿಮ್ಮ ಜೊತೆಗಿರುವ ರೋಬೋಟ್, ರೋಬೋ, ನಾನು ಇಲ್ಲೇ ಉಳಿಯುತ್ತೇನೆ ಅನ್ನುತ್ತಾನೆ. ನೀವು ಹಾರುವ ಯಂತ್ರ ಹತ್ತಿ 1000ನೇ ಇಸವಿಗೆ ಬರುತ್ತೀರಿ. ನಿಮಗೆ ಒಂದು ಕ್ಷಣ. ಅವನಿಗೆ 400 ವರ್ಷ. ಮರಳಿದ್ದ ಜಾಗದಲ್ಲಿ ದಟ್ಟ ಕಾಡು, ಮಧ್ಯೆ ಒಂದು ಗುಡಿ, ಗುಡಿಯೊಳಗೆ ಕೆಟ್ಟು ನಿಂತ ರೋಬೋ. ಅವನನ್ನು ರಿಪೇರಿ ಮಾಡಿ, ರಾತ್ರಿ ಬೆಂಕಿ ಸುತ್ತ ಕೂತು ಎಲ್ಲರೂ ಮಾತಾಡುತ್ತಾರೆ. ಆಮೇಲೆ ಕ್ರೋನೋನ ಗೆಳತಿ ಲೂಕಾ ಒಬ್ಬಳೇ ಎದ್ದು ಹೋಗುತ್ತಾಳೆ. ಅವಳ ತಾಯಿ ನಡೆಯಲಾಗದೆ ಕುರ್ಚಿಯಲ್ಲೇ ಕೂತಿರುವುದನ್ನು ನೀವು ಆಟದ ಶುರುವಿನಲ್ಲೇ ನೋಡಿರುತ್ತೀರಿ, ಆದರೆ ಯಾಕೆ ಅಂತ ಕೇಳಿರುವುದಿಲ್ಲ. ಈಗ ಆ ಅಪಘಾತದ ದಿನಕ್ಕೇ ಹೋಗುತ್ತೀರಿ. ತಾಯಿ ಸಿಕ್ಕಿಕೊಂಡ ಯಂತ್ರವನ್ನು ನಿಲ್ಲಿಸುವ ಗುಪ್ತಪದ ಅವಳದೇ ಹೆಸರು. ಅದನ್ನು ಕಂಟ್ರೋಲರ್‌ನ ಗುಂಡಿಗಳಲ್ಲೇ ಒತ್ತಬೇಕು: ಎಲ್, ಎ, ಆರ್, ಎ. ಸಮಯ ತೀರಾ ಕಡಿಮೆ. ತಡವಾದರೆ ಕಥೆ ಸುಮ್ನೆ ಮುಂದೆ ಹೋಗುತ್ತದೆ, ತಾಯಿ ಕುರ್ಚಿಯಲ್ಲೇ ಉಳಿಯುತ್ತಾಳೆ. ಗೇಮ್ ಓವರ್ ಕೂಡ ಬರುವುದಿಲ್ಲ.

ಫೈಟ್‌ಗಳ ಬಗ್ಗೆಯೂ ಒಂದು ಮಾತು. ಆ ಕಾಲದ ಇಂಥ ಆಟಗಳಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಸ್ಕ್ರೀನ್ ಬದಲಾಗಿ ಎಲ್ಲಿಂದಲೋ ಶತ್ರುಗಳು ಉದುರುತ್ತಿದ್ದರು. ಇಲ್ಲಿ ಬಹುಪಾಲು ಶತ್ರುಗಳು ಕಣ್ಣಿಗೆ ಕಾಣುತ್ತಾರೆ, ನಿಂತಲ್ಲೇ ಜಗಳ ಶುರು. ಇಬ್ಬರು ಮೂವರು ಸೇರಿ ಹೊಡೆಯುವ ಏಟುಗಳೂ ಇವೆ. ಕೆಲವು ಏಟು ನೇರ ಸಾಲಿಗೆ ಬೀಳುತ್ತವೆ, ಕೆಲವು ಸುತ್ತಲೂ ಹರಡುತ್ತವೆ. ಹಾಗಾಗಿ ಶತ್ರುಗಳು ಗುಂಪಾಗಲಿ ಅಂತ ಕಾದು ಹೊಡೆಯುವುದರಲ್ಲಿ ಒಂದು ಮಜಾ ಇದೆ.

ಸಂಗೀತ ಮಾಡಿದ ಯಸುನೋರಿ ಮಿತ್ಸುದಾ ಅದಕ್ಕೂ ಮುಂಚೆ ಸ್ಕ್ವೇರ್‌ನಲ್ಲಿ ಸೌಂಡ್ ಎಫೆಕ್ಟ್ ಮಾಡಿಕೊಂಡಿದ್ದವರು. ಕೆಲಸದ ಒತ್ತಡಕ್ಕೆ ಹೊಟ್ಟೆಹುಣ್ಣಾಗಿ ಮಲಗಿದಾಗ ಉಳಿದ ಹಾಡುಗಳನ್ನು ಫೈನಲ್ ಫ್ಯಾಂಟಸಿಯ ಸಂಗೀತಗಾರ ನೊಬುಒ ಉಯೆಮಾತ್ಸು ಮುಗಿಸಿಕೊಟ್ಟರು. ಹಿಮಗಾಳಿಯಿಂದ ಮೇಲೆ ಹತ್ತಿ ಮೋಡದ ಮೇಲಿನ ಝೀಲ್ ರಾಜ್ಯಕ್ಕೆ ಕಾಲಿಟ್ಟಾಗ ಬರುವ ರಾಗವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಕೊರತೆಗಳೂ ಇವೆ. ಆಟ ಸುಲಭ. ನಾಯಕ ಬಾಯಿ ಬಿಡುವುದೇ ಅಪರೂಪ. ಸವಾಲು ಬೇಕು ಅನ್ನುವವರಿಗೆ ಇದು ಸಪ್ಪೆ ಅನಿಸಬಹುದು. ಆದರೆ ಇದು 20–25 ಗಂಟೆಯಲ್ಲಿ ಮುಗಿಯುತ್ತದೆ, ಎಲ್ಲೂ ಎಳೆದಾಡುವುದಿಲ್ಲ. ಮುಗಿದ ಮೇಲೆ ನ್ಯೂ ಗೇಮ್ ಪ್ಲಸ್‌ನಲ್ಲಿ ಗಳಿಸಿದ ಶಕ್ತಿಯ ಸಮೇತ ಮತ್ತೆ ಶುರುಮಾಡಬಹುದು. ಲಾವೋಸ್‌ನನ್ನು ಕಥೆಯ ಯಾವ ಹಂತದಲ್ಲಿ ಸೋಲಿಸುತ್ತೀರಿ ಅನ್ನುವುದರ ಮೇಲೆ ಮುಕ್ತಾಯ ಬದಲಾಗುತ್ತದೆ. ಒಂದರಲ್ಲಂತೂ ಆಟ ಮಾಡಿದವರೇ ಬಂದು ಮಾತಾಡುತ್ತಾರೆ.

ಯಾವುದರಲ್ಲಿ ಆಡಬೇಕು? ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿದೆ. 2018ರಲ್ಲಿ ಬಂದಾಗ ಜನ ಚೆನ್ನಾಗಿಯೇ ಬೈದರು, ಆಮೇಲೆ ಅಪ್‌ಡೇಟ್‌ಗಳಲ್ಲಿ ಸರಿಮಾಡಿದರು. ಫೋನಿಗೂ ಇದೆ, ಆದರೆ ಕಂಟ್ರೋಲರ್ ಹಿಡಿದು ಆಡುವ ಸುಖ ಬೇರೆ. ಗೈಡ್ ನೋಡಬೇಡಿ. ಒಂದೇ ಒಂದು ಸುಳಿವು ಕೊಡುತ್ತೇನೆ: 600ನೇ ಇಸವಿಯಲ್ಲಿ ಮಂತ್ರ ಹಾಕಿ ಮುಚ್ಚಿದ ಪೆಟ್ಟಿಗೆ ಸಿಕ್ಕಿ, ಪೆಂಡೆಂಟ್ ಮಿನುಗಿದರೆ, ಆಗಲೇ ತೆರೆಯಬೇಡಿ. 1000ನೇ ಇಸವಿಗೆ ಬಂದು ಅದೇ ಪೆಟ್ಟಿಗೆ ತೆರೆಯಿರಿ, ಒಳಗಿನ ವಸ್ತು ಇನ್ನೂ ಬಲವಾಗಿರುತ್ತದೆ. ಆಮೇಲೆ ಹಿಂದಕ್ಕೆ ಹೋಗಿ ಹಳೆಯದನ್ನೂ ಎತ್ತಿಕೊಳ್ಳಿ.