12 ಪರ, 10 ವಿರುದ್ಧ, 9 ತಟಸ್ಥ: ಪ್ರಸ್ತಾವ ಪಾಸೋ ಫೇಲೋ?

ಪ್ರಶ್ನೆ: ಈ ವರ್ಷ ವಿಭಾಗದಿಂದ ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರ ಸೆನೆಟ್‌ಗೆ, ಅಂದರೆ ಅಧ್ಯಾಪಕರ ಪ್ರತಿನಿಧಿ ಸಭೆಗೆ, ಆಯ್ಕೆಯಾಗಿದ್ದೇನೆ. 60 ಸದಸ್ಯರಲ್ಲಿ 31 ಮಂದಿ ಬಂದಿದ್ದ ಸಭೆಯಲ್ಲಿ ನಮ್ಮ ಹೊಸ ಕೋರ್ಸಿನ ಪರ 12, ವಿರುದ್ಧ 10 ಮತ ಬಿದ್ದವು. 9 ಮಂದಿ ತಟಸ್ಥ. ಅಧ್ಯಕ್ಷರು ಪಾಸ್ ಎಂದರು, ಕೆಲವರು ಒಪ್ಪುತ್ತಿಲ್ಲ. ಪಾಸಾದರೂ ಆಡಳಿತ ಅದನ್ನು ಒಪ್ಪಲೇಬೇಕೇ?

ಉತ್ತರ: ನಿಮ್ಮ ಸೆನೆಟ್‌ನ ಬೈಲಾದಲ್ಲಿ ‘ಬಹುಮತ’ ಎಂಬ ಪದದ ಹಿಂದೆ ಏನಿದೆ ನೋಡಿ. ‘ಚಲಾಯಿಸಿದ ಮತಗಳ’ ಎಂದಿದ್ದರೆ ತಟಸ್ಥರು ಲೆಕ್ಕಕ್ಕಿಲ್ಲ. 22ರಲ್ಲಿ 12, ಪಾಸು. ‘ಹಾಜರಿದ್ದವರ’ ಎಂದಿದ್ದರೆ 16 ಬೇಕಿತ್ತು, ಬಿದ್ದುಹೋಯಿತು. ಅಂಥ ಕಡೆ ತಟಸ್ಥವಾಗಿ ಉಳಿದವರು ಗೊತ್ತಿಲ್ಲದೆಯೇ ವಿರೋಧಿಸಿದಂತೆ. ‘ಒಟ್ಟು ಸದಸ್ಯರ’ ಎಂದಿದ್ದರೆ 31 ಮತ ಬೇಕು. ಬೈಲಾ ಏನೂ ಹೇಳದಿದ್ದರೆ ಅದು ಹೆಸರಿಸಿದ ಸಭಾ ನಿಯಮಾವಳಿಯೇ ಗತಿ. ಅಮೆರಿಕದ ಬಹಳಷ್ಟು ಸೆನೆಟ್‌ಗಳು ಹಿಡಿದಿರುವುದು 1876ರಲ್ಲಿ ಮೊದಲು ಅಚ್ಚಾದ ರಾಬರ್ಟ್ಸ್ ರೂಲ್ಸ್. ಅದರಲ್ಲಿ ಚಲಾಯಿಸಿದ ಮತಗಳೇ ಲೆಕ್ಕ.

ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಕೂಡ ಅಂಚಿನಲ್ಲಿದೆ. ಅರ್ಧಕ್ಕಿಂತ ಹೆಚ್ಚು ಎಂಬ ನಿಯಮವಿದ್ದರೆ 31 ಸರಿಯಾಗಿ ಸಾಕು, ಒಬ್ಬರು ಎದ್ದುಹೋದರೂ ಮತಕ್ಕೆ ಹಾಕುವಂತಿಲ್ಲ. ತಟಸ್ಥರೂ ಕೋರಂ ಲೆಕ್ಕಕ್ಕೆ ಸೇರುತ್ತಾರೆ. ಕೋರಂ ಇಲ್ಲ ಎಂಬ ಆಕ್ಷೇಪ ಎತ್ತಬೇಕಾದದ್ದು ಅಲ್ಲೇ, ಆಗಲೇ; ಆಮೇಲೆ ಎತ್ತಿದರೆ ಗಟ್ಟಿ ಸಾಕ್ಷ್ಯ ಬೇಕು.

ಇನ್ನು ಆಡಳಿತದ ಮಾತು. ಅಂತಿಮ ಅಧಿಕಾರ ಸಾಮಾನ್ಯವಾಗಿ ಆಡಳಿತ ಮಂಡಳಿಯದು. ಆದರೆ ಎಲ್ಲ ನಿರ್ಣಯಕ್ಕೂ ಒಂದೇ ತೂಕವಿಲ್ಲ. ಅಮೆರಿಕದ ಪ್ರಾಧ್ಯಾಪಕರ ಸಂಘ 1966ರಲ್ಲಿ ಹೊರತಂದ ಹೇಳಿಕೆಯ ಪ್ರಕಾರ ಪಠ್ಯಕ್ರಮ, ಬೋಧನಾ ವಿಧಾನ, ಸಂಶೋಧನೆ, ಅಧ್ಯಾಪಕರ ನೇಮಕ ಮತ್ತು ಬಡ್ತಿಯಲ್ಲಿ ಪ್ರಾಥಮಿಕ ಹೊಣೆ ಅಧ್ಯಾಪಕರದು. ಅಪರೂಪಕ್ಕೆ, ಬಲವಾದ ಕಾರಣವಿದ್ದಾಗ ಮಾತ್ರ ಅವರ ತೀರ್ಮಾನವನ್ನು ಆಡಳಿತ ತಳ್ಳಬಹುದು, ಕಾರಣವನ್ನು ವಿವರವಾಗಿ ತಿಳಿಸಬೇಕು. ಇದು ಕಾನೂನಲ್ಲ, ರೂಢಿ. ನಿಮ್ಮ ಬೈಲಾದಲ್ಲಿ ಬರೆದಿದ್ದರಷ್ಟೇ ಹಿಡಿದು ಕೇಳಬಹುದು. ಬಜೆಟ್, ಪಾರ್ಕಿಂಗ್, ಕಟ್ಟಡಗಳ ಮೇಲಿನ ನಿರ್ಣಯಗಳು ಬಹುತೇಕ ಸಲಹೆ ಮಾತ್ರ. ಅವನ್ನೂ ‘ಸೆನೆಟ್ ಬಯಸುತ್ತದೆ’ ಎಂದು ಮುಗಿಸಿದರೆ ಕಡತದಲ್ಲೇ ಮಲಗುತ್ತವೆ. ಯಾರು, ಏನು, ಯಾವ ದಿನಾಂಕದೊಳಗೆ ಲಿಖಿತವಾಗಿ ಉತ್ತರಿಸಬೇಕು ಎಂಬುದು ಠರಾವಿನಲ್ಲೇ ಇರಲಿ.

ನಿಮ್ಮ ಪ್ರಸ್ತಾವದಲ್ಲಿ ನನಗೆ ಕಾಣುವ ನಿಜವಾದ ತೊಂದರೆ ಆ 9 ಮಂದಿ. ಕೋರ್ಸಿನ ಹಣೆಬರಹ ಬಹುತೇಕ ಸಭೆಗಿಂತ ಮೊದಲೇ, ಪ್ರಸ್ತಾವಗಳನ್ನು ಪರಿಶೀಲಿಸುವ ಸ್ಥಾಯಿ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ತಡೆಯುವುದು ಮೂರು: ಅದೇ ವಿಷಯ ಕಲಿಸುವ ಬೇರೆ ವಿಭಾಗದ ಒಪ್ಪಿಗೆ ಪತ್ರವಿಲ್ಲದಿರುವುದು, ಯಾರು ಕಲಿಸುತ್ತಾರೆ ಎಂಬುದು ಸ್ಪಷ್ಟವಿಲ್ಲದಿರುವುದು, ಕೋರ್ಸ್ ಕೈಪಿಡಿಗೆ ಸೇರಿಸುವ ಗಡುವು ಮೀರಿರುವುದು. ಇವಕ್ಕೆ ಬೇಕಾದ ಪತ್ರಗಳನ್ನು ಜೋಡಿಸಿಕೊಂಡು, ಆ ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ಕಂಡು ಅನುಮಾನ ಕೇಳಿ. ಬೈಲಾದ ಲೆಕ್ಕದಲ್ಲಿ ಪ್ರಸ್ತಾವ ಬಿದ್ದಿದ್ದರೆ, ಹಳೆಯ ಎಣಿಕೆಯ ಮೇಲೆ ಜಗಳ ಕಾಯದೆ ಮುಂದಿನ ಸಭೆಯ ಕಾರ್ಯಸೂಚಿಗೆ ಮತ್ತೆ ಸೇರಿಸಲು ಕಾರ್ಯಕಾರಿ ಸಮಿತಿಗೆ ಬರೆಯಿರಿ.