ಸೈನ್ಯ ದೊಡ್ಡದಿದ್ದರೂ ಮಾತು ಯಾಕೆ ನಡೆಯಲ್ಲ?

ಪ್ರಶ್ನೆ: ದುಡ್ಡು ಜಾಸ್ತಿ ಇರುವ, ಸೈನ್ಯ ದೊಡ್ಡದಿರುವ ದೇಶದ ಮಾತೇ ಜಗತ್ತಿನಲ್ಲಿ ನಡೆಯಬೇಕಲ್ವಾ? ಹಾಗಿದ್ದರೆ ಭೂಪಟದಲ್ಲಿ ಹುಡುಕಿ ನೋಡಬೇಕಾದಷ್ಟು ಚಿಕ್ಕ ಕತಾರ್‌ನ ಬಾಗಿಲಿಗೆ ಅಮೆರಿಕ, ತಾಲಿಬಾನ್ ಇಬ್ಬರೂ ಯಾಕೆ ಹೋಗಿ ಕೂತರು?

ಉತ್ತರ: ಬಲ ಬೇರೆ, ಪ್ರಭಾವ ಬೇರೆ. ಬಲವನ್ನು ಎಣಿಸಬಹುದು, ಇಷ್ಟು ಟ್ಯಾಂಕು, ಇಷ್ಟು ವಿಮಾನ, ಇಷ್ಟು ಕೋಟಿ ಅಂತ. ಪ್ರಭಾವ ಹಾಗೆ ಎಣಿಕೆಗೆ ಸಿಗಲ್ಲ, ಯಾಕೆಂದರೆ ಅದು ಯಾರಿಗೆ ಯಾರ ಹಂಗು ಜಾಸ್ತಿ ಅನ್ನುವುದರ ಮೇಲೆ ನಿಂತಿರುತ್ತದೆ. ಅದಕ್ಕೇ 'ಜಗತ್ತಿನ ಹತ್ತು ಬಲಿಷ್ಠ ದೇಶಗಳು' ಅಂತ ಬರುವ ಪಟ್ಟಿಗಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

1956ರ ಸೂಯೆಜ್ ಕತೆ ಕೇಳಿ. ಈಜಿಪ್ಟಿನ ಅಧ್ಯಕ್ಷ ನಾಸೆರ್ ಆ ವರ್ಷ ಜುಲೈನಲ್ಲಿ, ಬ್ರಿಟನ್-ಫ್ರಾನ್ಸ್ ಒಡೆತನದ ಕಂಪನಿಯ ಕೈಯಲ್ಲಿದ್ದ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದವು. ಯುದ್ಧದ ಲೆಕ್ಕದಲ್ಲಿ ಅವರದೇ ಮೇಲುಗೈ. ಆದರೆ ಅಷ್ಟರಲ್ಲಿ ಬ್ರಿಟನ್ನಿನ ಪೌಂಡ್ ಕುಸಿಯತೊಡಗಿತ್ತು, ಡಾಲರ್ ಖಾಲಿಯಾಗುತ್ತಿತ್ತು, ಅಂತಾರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನಿಂದ ಸಾಲ ಬೇಕಿತ್ತು, ಆ ಸಾಲಕ್ಕೆ ಅಮೆರಿಕದ ಒಪ್ಪಿಗೆ ಬೇಕಿತ್ತು, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮೊದಲು ಯುದ್ಧ ನಿಲ್ಲಿಸಿ ಅಂದರು. ಸೋವಿಯತ್ ಕಡೆಯಿಂದಲೂ ಬೆದರಿಕೆ ಬಂದಿತ್ತು, ನಿಜ. ಆದರೆ ಬ್ರಿಟನ್ನಿನ ಜುಟ್ಟು ಇದ್ದದ್ದು ಅಮೆರಿಕದ ಕೈಯಲ್ಲಿ. ಗೆಲ್ಲುತ್ತಿದ್ದ ಸೈನ್ಯ ಡಿಸೆಂಬರ್ ಹೊತ್ತಿಗೆ ವಾಪಸ್ ಹೊರಟಿತು. ಮುಂದಿನ ಜನವರಿಯಲ್ಲಿ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟರು. ಗಮನಿಸಿ, ಅಮೆರಿಕ ಒಂದೇ ಒಂದು ಗುಂಡು ಹಾರಿಸಲಿಲ್ಲ, ಅದೂ ತನ್ನ ಮಿತ್ರದೇಶದ ಮೇಲೆಯೇ ಈ ಪಟ್ಟು ಹಾಕಿತ್ತು.

ಈಗ ಕತಾರ್. ಇಡೀ ಗಲ್ಫ್‌ನಲ್ಲೇ ಅಮೆರಿಕದ ಅತಿ ದೊಡ್ಡ ಸೇನಾ ನೆಲೆ ಇರುವುದು ಅಲ್ಲಿನ ಅಲ್ ಉದೈದ್‌ನಲ್ಲಿ. ತಾಲಿಬಾನ್ ಕಚೇರಿಗೂ 2013ರಲ್ಲಿ ಅದೇ ದೇಶ ಜಾಗ ಕೊಟ್ಟಿತು. ಎರಡೂ ಕಡೆಯವರು ತನ್ನ ಅಂಗಳದಲ್ಲೇ ಇದ್ದ ಮೇಲೆ ಮಾತುಕತೆ ಬೇರೆಲ್ಲಿ ನಡೆಯಬೇಕು? ಅಫ್ಘಾನಿಸ್ತಾನದಿಂದ ಅಮೆರಿಕದ ಸೈನ್ಯ ವಾಪಸ್ ಹೋಗುವ 2020ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಕತಾರ್ ರಾಜಧಾನಿ ದೋಹಾದಲ್ಲೇ. ಜೊತೆಗೆ ದ್ರವೀಕೃತ ನೈಸರ್ಗಿಕ ಅನಿಲ ಬೇರೆ ಇದೆ, ಅದನ್ನು ಕೊಳ್ಳುವ ದೇಶಗಳಿಗೆ ಕತಾರ್ ಮೇಲೆ ಮುನಿಸಿಕೊಳ್ಳುವುದು ದುಬಾರಿ. 2017ರಲ್ಲಿ ಸೌದಿ ಅರೇಬಿಯಾ, ಯುಎಇ, ಬಹ್ರೈನ್, ಈಜಿಪ್ಟ್ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿ, ಅಲ್ ಜಜೀರಾ ಚಾನೆಲ್ ಮುಚ್ಚುವುದೂ ಸೇರಿದಂತೆ 13 ಬೇಡಿಕೆ ಇಟ್ಟವು. 2021ರ ಜನವರಿಯಲ್ಲಿ ದಿಗ್ಬಂಧನ ಹೋಯಿತು, ಅಲ್ ಜಜೀರಾ ಇವತ್ತಿಗೂ ಇದೆ.

ಅಂದ ಮಾತ್ರಕ್ಕೆ ಹಂಗಿನಲ್ಲಿ ಇಟ್ಟುಕೊಂಡವರು ಸುಮ್ನೆ ಆರಾಮಾಗಿ ಕೂರಬಹುದು ಅಂತಲ್ಲ. ಈ ಅಸ್ತ್ರಕ್ಕೆ ಒಂದು ವಿಚಿತ್ರ ಗುಣವಿದೆ, ಬಳಸಿದಷ್ಟೂ ಮೊಂಡಾಗುತ್ತದೆ. 2010ರಲ್ಲಿ, ಜಪಾನ್ ಮತ್ತು ಚೀನಾ ಎರಡೂ ತಮ್ಮದು ಅನ್ನುವ ಸೆಂಕಾಕು ದ್ವೀಪಗಳ ಜಗಳದ ಹೊತ್ತಿಗೆ ಚೀನಾದಿಂದ ಜಪಾನಿಗೆ ಬರುತ್ತಿದ್ದ ಅಪರೂಪದ ಲೋಹಗಳು (ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಬೇಕಾದ 'ರೇರ್ ಅರ್ತ್') ನಿಂತುಹೋದವು. ಜಪಾನ್‌ಗೆ ಪೆಟ್ಟು ಬಿತ್ತು, ಬುದ್ಧಿಯೂ ಬಂತು. ಆಸ್ಟ್ರೇಲಿಯಾದ ಗಣಿ ಕಂಪನಿಯೊಂದಕ್ಕೆ ದುಡ್ಡು ಹಾಕಿ ಬೇರೆ ದಾರಿ ಮಾಡಿಕೊಂಡಿತು. ಡಾಲರ್ ವಿಷಯದಲ್ಲೂ ಇದೇ ಆಗುತ್ತಿದೆ ಅನ್ನುವುದು ನನ್ನ ಅಂದಾಜು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಅಮೆರಿಕ ಮತ್ತು ಅದರ ಮಿತ್ರದೇಶಗಳವರು ರಷ್ಯಾದ ಕೆಲವು ಬ್ಯಾಂಕುಗಳನ್ನು ಸ್ವಿಫ್ಟ್ ಜಾಲದಿಂದ, ಅಂದರೆ ದೇಶದೇಶಗಳ ಬ್ಯಾಂಕುಗಳು ಹಣ ಕಳಿಸಲು ಸಂದೇಶ ರವಾನಿಸುವ ಜಾಲದಿಂದ, ಹೊರಹಾಕಿದರು, ಅದರ ಕೇಂದ್ರ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಆಸ್ತಿಗೆ ಬೀಗ ಹಾಕಿದರು. ಅವತ್ತಿನಿಂದ ನಾಳೆ ನಮಗೂ ಹೀಗೇ ಆದರೆ ಅಂತ ಲೆಕ್ಕ ಹಾಕುವವರು ಜಾಸ್ತಿಯಾಗಿದ್ದಾರೆ. ಡಾಲರ್ ಜಾಗಕ್ಕೆ ಇನ್ನೊಂದು ಕರೆನ್ಸಿ ಬಂದುಬಿಟ್ಟಿತು ಅನ್ನುವುದು ಮಾತ್ರ ಬರೀ ಬೊಬ್ಬೆ.

ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ 193 ದೇಶಗಳಿವೆ. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದಕ್ಕೆ ಮಾತ್ರ ವೀಟೊ, ಅಂದರೆ ಭದ್ರತಾ ಮಂಡಳಿಯ ನಿರ್ಣಯವನ್ನು ಒಬ್ಬರೇ ತಡೆಯುವ ಅಧಿಕಾರ, ಯಾಕೆ? ಇದು ಅನ್ಯಾಯ ಅಲ್ವಾ?

ಉತ್ತರ: ಅನ್ಯಾಯವೇ. ಬೇಕಂತಲೇ ಮಾಡಿದ ಅನ್ಯಾಯ. ಇದಕ್ಕೂ ಮೊದಲಿದ್ದ ರಾಷ್ಟ್ರಸಂಘಕ್ಕೆ ಅಮೆರಿಕ ಸೇರಲೇ ಇಲ್ಲ, ಜಪಾನ್ ಮತ್ತು ಜರ್ಮನಿ 1933ರಲ್ಲಿ ಎದ್ದು ಹೋಗುವುದಾಗಿ ಹೇಳಿದವು. ದೊಡ್ಡವರಿಲ್ಲದ ಆ ಕೂಟ ಯಾವ ಯುದ್ಧವನ್ನು ತಡೆದೀತು? ಹಾಗಾಗಿ 1945ರಲ್ಲಿ ದೊಡ್ಡವರನ್ನು ಒಳಗೇ ಉಳಿಸಿಕೊಳ್ಳಲು ತೆತ್ತ ಬೆಲೆ ಈ ವೀಟೊ. ತೆಗೆದುಹಾಕಬಹುದಲ್ಲ ಅನ್ನುತ್ತೀರಾ? ವಿಶ್ವಸಂಸ್ಥೆಯ ಮೂಲ ನಿಯಮಪತ್ರವಾದ ಸನ್ನದು ತಿದ್ದಲು ಮೂರನೇ ಎರಡು ಪಾಲು ದೇಶಗಳು ಒಪ್ಪಬೇಕು, ಮತ್ತು ಆ ಐದೂ ದೇಶಗಳು ಒಪ್ಪಲೇಬೇಕು.